ಪದಚರ್ಚೆ: ಕಾರಿನ ಮರದ ಪಟ್ಟಿಯ ಮೇಲಿನ ಗೀರು – ಒರೆಸೋದಾ, ಉಜ್ಜೋದಾ, ತೇಯೋದಾ?

ಎಲ್ಲರಿಗೂ ನಮಸ್ಕಾರ.

ಕಾರಿನ ಡ್ಯಾಶ್‌ಬೋರ್ಡಿಗೂ ಬಾಗಿಲಿನ ಒಳಮೈಗೂ ಕೂರಿಸಿರುವ ಮರದ ಪಟ್ಟಿಯ ಮೇಲೆ ಸಣ್ಣಪುಟ್ಟ ಗೀರು ಬಿದ್ದರೆ ಮನೆಯಲ್ಲೇ ಹೇಗೆ ತೆಗೆಯೋದು ಅಂತ ಒಂದು ಪುಟದ ಬರಹ ಸಿದ್ಧ ಮಾಡುತ್ತಿದ್ದೇನೆ. ಹಳೇ ಕಾರು ಮಾರುವ ಗೆಳೆಯರೊಬ್ಬರು ಗಿರಾಕಿಗಳಿಗೆ ಕೊಡೋಕೆ ಕೇಳಿದ್ದು. ಅವರ ಹತ್ತಿರ ಇಂಗ್ಲಿಷಿನದ್ದು ಇದೆ, ಯಾರೂ ಓದುವುದಿಲ್ಲ. ಕೆಲಸದ ಬಗ್ಗೆ ನನಗೆ ಅನುಮಾನ ಇಲ್ಲ. ಪದಗಳ ಹತ್ತಿರ ಬಂದು ಕೈ ನಿಂತಿದೆ. ಮೇಲ್ಮೈಯಲ್ಲಿ ಮಾತ್ರ ಇರುವ ಗೀರಿಗೆ ಏನನ್ನೋದು? ಅದನ್ನು ತೆಗೆಯೋಕೆ ಮೊದಲು ಹಗುರವಾಗಿ, ಆಮೇಲೆ ಸ್ವಲ್ಪ ಜೋರಾಗಿ, ಕೊನೆಗೆ ಮತ್ತೆ ಹಗುರವಾಗಿ ಕೈಯಾಡಿಸುತ್ತೇವಲ್ಲ, ಆ ಹಂತಗಳಿಗೆ ಏನನ್ನೋದು?

"ಸ್ಕ್ರ್ಯಾಚ್ ಅಂದ್ರೆ ಎಲ್ಲರಿಗೂ ಗೊತ್ತು, ಬಿಡಿ" ಅನ್ನುವವರು ಇಲ್ಲೂ ಇದ್ದೀರಿ. ನಿಜ. ಗ್ಯಾರೇಜಿನಲ್ಲಿ ನಾನೂ ಹಾಗೇ ಅನ್ನೋದು. ತೊಂದರೆ ಏನೆಂದರೆ ಆ ಪದ ಎಲ್ಲಕ್ಕೂ ಒಂದೇ. ಕೀಲಿಕೈ ತಾಗಿ ಆದದ್ದಕ್ಕೂ ಅದೇ, ಒಣಬಟ್ಟೆಯಲ್ಲಿ ಧೂಳು ಒರೆಸುವಾಗ ಎದ್ದ ಕೂದಲೆಳೆಯಂಥ ಗೆರೆಗಳಿಗೂ ಅದೇ, ಹಿಂದಿನ ಸೀಟಿನಲ್ಲಿ ನಾಯಿ ಪರಚಿದ್ದಕ್ಕೂ ಅದೇ. ಮದ್ದು ಮಾತ್ರ ಒಂದೊಂದಕ್ಕೆ ಒಂದೊಂದು.

ಕನ್ನಡದಲ್ಲಿ ಇದಕ್ಕೆ ಪದಗಳ ಬರ ಇಲ್ಲ. ಗೀರು, ಗೀಟು, ಗೀಚು, ಗೆರೆ, ಪರಚು, ತರಚು, ಕೆರೆ, ಹೆರೆ. ಇವುಗಳಲ್ಲಿ ಗೀಟು ಮತ್ತು ಗೀರು ಎರಡನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳೋದು ಒಳ್ಳೆಯದು ಅಂತ ನನ್ನ ಅನಿಸಿಕೆ. ಗೀಟು ಎಳೆದದ್ದು, ಅಂದರೆ ಮೇಲೆ ಏನೋ ಬಂದು ಸೇರಿದೆ. ಗೀರು ಬಿದ್ದದ್ದು, ಅಲ್ಲಿಂದ ಏನೋ ಹೋಗಿದೆ. ಸುಮ್ನೆ ಪದದ ಆಟ ಅಲ್ಲ ಇದು. ಗೀರು ಅಂತ ಜನ ತೋರಿಸುವ ಗುರುತುಗಳಲ್ಲಿ ಎಷ್ಟೋ ಬರೀ ಗೀಟಾಗಿರುತ್ತವೆ. ಚೀಲದ ಪ್ಲಾಸ್ಟಿಕ್ಕೋ ಚಪ್ಪಲಿಯ ರಬ್ಬರೋ ತಾಗಿ ತನ್ನ ಬಣ್ಣವನ್ನು ಅಲ್ಲಿ ಬಿಟ್ಟು ಹೋಗಿರುತ್ತದೆ. ಸೋಪಿನ ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಹೋಗಿಬಿಡುತ್ತದೆ. ಅದಕ್ಕೆ ಪಾಲಿಶ್ ಹಿಡಿದು ಉಜ್ಜುತ್ತಾ ಕೂತರೆ ಇಲ್ಲದ ಗೀರು ನಾವೇ ಎಬ್ಬಿಸಿದ ಹಾಗೆ.

ಇನ್ನು ತರಚು. ಮಂಡಿ ತರಚಿತು ಅನ್ನುತ್ತೇವೆ. ಅದು ಒಂದು ಗೆರೆ ಅಲ್ಲ, ಒಂದು ಜಾಗ. ಡ್ರೈವರ್ ಬಾಗಿಲಿನ ಕೈಹಿಡಿ ಹತ್ತಿರ ಉಂಗುರ, ಬಳೆ, ವಾಚು ದಿನಾ ತಾಗಿ ತಾಗಿ ಅಂಗೈಯಗಲ ಮಂಕಾಗಿರುತ್ತದಲ್ಲ, ಅದಕ್ಕೆ ತರಚು ಅನ್ನೋದೇ ಸರಿ ಅನಿಸುತ್ತದೆ. "ಮರ ತರಚಿದೆ" ಅಂದರೆ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳುತ್ತದಾ? ಚರ್ಮಕ್ಕೆ ಮಾತ್ರ ಮೀಸಲಾದ ಪದವಾ ಅದು? ಮಲೆನಾಡಿನವರು, ಕರಾವಳಿಯವರು ಹೇಳಬೇಕು. ಪರಚು ಬೇಡ, ಅದಕ್ಕೆ ಉಗುರು ಇರಲೇಬೇಕು. ಹೆರೆ ಅಂತೂ ಬೇಡವೇ ಬೇಡ. ಹೆರೆಮಣೆಯಲ್ಲಿ ಕಾಯಿ ಹೆರೆಯುವ ಮನೆಯಲ್ಲಿ ಆ ಪದ ಓದಿದವರು ಕಾರಿನ ಪಟ್ಟಿಗೆ ಏನು ಮಾಡಿಯಾರು ಅಂತ ಹೆದರಿಕೆ.

ಪಟ್ಟಿಯದ್ದೇ ಇನ್ನೊಂದು ಕಥೆ. "ಮರದ ಪಟ್ಟಿ" ಅಂತ ಬರೆದರೆ ಅರ್ಧಕ್ಕಿಂತ ಜಾಸ್ತಿ ಕಾರುಗಳಲ್ಲಿ ಅದು ಸುಳ್ಳು. ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಕ್ರಿಸ್ಟಾದ ದುಬಾರಿ ಮಾದರಿಗಳಲ್ಲಿ ಕಾಣುವುದು ಮರದ ಚಿತ್ರ ಹೊತ್ತ ಪ್ಲಾಸ್ಟಿಕ್. ಇಂಥವನ್ನು ಮಾಡುವ ಒಂದು ಬಗೆಯಲ್ಲಿ ಮರದ ಎಳೆಗಳನ್ನು ಅಚ್ಚು ಹಾಕಿದ ತೆಳು ಹಾಳೆಯನ್ನು ನೀರಿನ ಮೇಲೆ ತೇಲಿಸಿ, ಪ್ಲಾಸ್ಟಿಕ್ ತುಂಡನ್ನು ಅದರೊಳಗೆ ಅದ್ದಿ ಚಿತ್ರ ಅಂಟಿಸುತ್ತಾರೆ, ಮೇಲೆ ಪಾರದರ್ಶಕ ಲೇಪ ಹೊಡೆಯುತ್ತಾರೆ. ಗ್ಯಾರೇಜಿನ ಮಾತಿನಲ್ಲಿ ಇದು "ವುಡ್ ಫಿನಿಷ್". ಯಾರಾದರೂ ವುಡ್ ಫಿನಿಷ್ ಅಂದರೆ ಅಲ್ಲಿ ವುಡ್ ಇಲ್ಲ ಅಂತಲೇ ತಿಳಿಯಬೇಕು. ನಿಜವಾದ ಮರ ಬೇಕಂದರೆ ತೊಂಬತ್ತರ ದಶಕದಲ್ಲಿ ಪುಣೆಯಲ್ಲಿ ಜೋಡಿಸಿದ ಮರ್ಸಿಡಿಸ್ ಡಬ್ಲ್ಯೂ 124 ನೋಡಬೇಕು, ಅಥವಾ ಹಳೇ ಜಾಗ್ವಾರ್. ಜಾಗ್ವಾರಿನಲ್ಲಿ ಅಕ್ರೋಟು ಮರದ ಗಂಟಿನ ಭಾಗವನ್ನು ಕಾಗದದಷ್ಟು ತೆಳುವಾಗಿ ಸೀಳಿ, ಒಂದರ ಪಕ್ಕ ಒಂದು ಬಂದ ಪದರಗಳನ್ನು ಪುಸ್ತಕ ಬಿಡಿಸಿದ ಹಾಗೆ ಬಿಡಿಸಿ ಅಂಟಿಸಿರುತ್ತಾರೆ. ಎಡಗಡೆಯ ಎಳೆ ಬಲಗಡೆಯದರ ಕನ್ನಡಿ ಬಿಂಬ. ಹಾಗಾಗಿ ಒಂದು ತುಂಡು ಹಾಳಾದರೆ ಬೇರೆ ತಂದು ಕೂರಿಸಿದರೂ ಜೋಡಿ ಆಗುವುದಿಲ್ಲ. ಸದ್ಯಕ್ಕೆ ನಿಜವಾದದ್ದಕ್ಕೆ "ಮರದ ಪಟ್ಟಿ", ಇನ್ನೊಂದಕ್ಕೆ "ಮರದಂಥ ಪಟ್ಟಿ" ಅಂತ ಹಾಕಿದ್ದೇನೆ. ಎರಡನೆಯದು ಸ್ವಲ್ಪ ಬಡಕಲಾಗಿದೆ, ಗೊತ್ತು.

ಎರಡರಲ್ಲೂ ಒಂದು ಸಮಾನ. ನಮ್ಮ ಕೈಗೆ ಸಿಗುವುದು ಮರವೂ ಅಲ್ಲ, ಚಿತ್ರವೂ ಅಲ್ಲ, ಮೇಲಿರುವ ಪಾರದರ್ಶಕ ಲೇಪ. ಹಗುರ ಗೀರು ಬಿದ್ದಿರುವುದು ಆ ಲೇಪದಲ್ಲೇ. ಮರಕ್ಕೆ ಏನೂ ಆಗಿಲ್ಲ. ಬೆಳ್ಳಗೆ ಕಾಣುತ್ತದೆ, ಯಾಕೆಂದರೆ ನುಣುಪಾದ ಮೈ ಬೆಳಕನ್ನು ಒಂದೇ ಕಡೆಗೆ ಹಿಂತಿರುಗಿಸುತ್ತದೆ, ಗೀರಿನ ಒಡಕು ಅಂಚು ಅದನ್ನು ಎಲ್ಲ ಕಡೆಗೂ ಚದುರಿಸುತ್ತದೆ. ಬೆರಳಿನ ಉಗುರನ್ನು ಗೀರಿಗೆ ಅಡ್ಡವಾಗಿ ನಿಧಾನಕ್ಕೆ ಎಳೆದು ನೋಡಬೇಕು. ಉಗುರು ಜಾರಿಕೊಂಡು ಹೋದರೆ ಮನೆಯಲ್ಲಿ ಮಾಡಬಹುದಾದ ಕೆಲಸ. ತಡೆದು "ಟಕ್" ಅಂದರೆ ಗೀರು ಆಳಕ್ಕೆ ಇಳಿದಿದೆ, ಗೊತ್ತಿರುವವರ ಕೈಗೆ ಕೊಡೋದು ಒಳ್ಳೆಯದು.

ಇಲ್ಲಿಗೆ ನನ್ನ ಮೊದಲ ಪ್ರಶ್ನೆ. "ಸಣ್ಣ ಗೀರು" ಅಂತ ಬರೆದರೆ ಓದುವವರು ಉದ್ದ ನೋಡುತ್ತಾರೆ. ಅರ್ಧ ಇಂಚು ಉದ್ದದ, ಆದರೆ ಆಳಕ್ಕೆ ಇಳಿದ ಕಚ್ಚನ್ನು ಸಣ್ಣದು ಅಂದುಕೊಂಡು ಉಜ್ಜೋಕೆ ಶುರು ಮಾಡುತ್ತಾರೆ, ಬಾಗಿಲಿನುದ್ದಕ್ಕೂ ಇರುವ ತೆಳು ಗೆರೆಯನ್ನು ದೊಡ್ಡದು ಅಂತ ಬಿಟ್ಟುಬಿಡುತ್ತಾರೆ. ಇರಬೇಕಾದ್ದು ಉಲ್ಟಾ. "ತೆಳುಗೀರು", "ಮೇಲ್ಗೀರು" ಎರಡೂ ಬರೆದು ನೋಡಿದೆ. ಮೇಲ್ಗೀರು ಚೆನ್ನಾಗಿದೆ, ಮೇಲ್ನೋಟ, ಮೇಲ್ಪದರ ಇದ್ದ ಹಾಗೆ. ಆದರೂ ನನ್ನ ಮನಸ್ಸು "ಉಗುರಿಗೆ ಸಿಗದ ಗೀರು", "ಉಗುರಿಗೆ ಸಿಗುವ ಗೀರು" ಅನ್ನೋದರ ಕಡೆಗೇ ಇದೆ. ಮೂರು ಪದ ಖರ್ಚಾಗುತ್ತದೆ, ನಿಜ. ಆದರೆ ಹೆಸರಿನಲ್ಲೇ ಪರೀಕ್ಷೆ ಇದೆ, ಬೇರೆ ವಿವರಣೆ ಬೇಕಿಲ್ಲ. ಹೊಸ ಪದ ಕಟ್ಟಿ ಅದಕ್ಕೆ ಅರ್ಥ ಬರೆಯೋದಕ್ಕಿಂತ ಇದೇ ಮೇಲು ಅಂತ ನನ್ನ ವಾದ. ಒಪ್ಪದವರು ಬೈಯಿರಿ.

ಎರಡನೆಯದು ಉಜ್ಜಾಟ. ಗೀರು "ಅಳಿಸೋದು", "ತೆಗೆಯೋದು", "ಹೋಗಲಾಡಿಸೋದು" ಅಂತ ಬರೆಯುತ್ತೇವೆ. ನಡೆಯುವುದು ಅದಲ್ಲ. ಇಲ್ಲದ ಜಾಗವನ್ನು ತೆಗೆಯೋಕೆ ಬರುತ್ತದಾ? ಗೀರಿನ ಸುತ್ತಲಿನ ಲೇಪವನ್ನು ಗೀರಿನ ತಳದ ಮಟ್ಟಕ್ಕೆ ಇಳಿಸುತ್ತೇವೆ, ಅಷ್ಟೇ. ಇದು ಓದುವವರ ತಲೆಗೆ ಹೋದರೆ ಎಲ್ಲಿ ನಿಲ್ಲಿಸಬೇಕು ಅನ್ನೋದೂ ಹೋಗುತ್ತದೆ. ಪ್ರತಿ ಸಲ ಉಜ್ಜಿದಾಗಲೂ ಲೇಪ ಒಂದಿಷ್ಟು ಖರ್ಚಾಗುತ್ತದೆ, ಮರದಂಥ ಪಟ್ಟಿಯಲ್ಲಿ ಲೇಪ ತೆಳು, ಅದು ಸವೆದರೆ ಮುಂದಿನ ಕೈಗೆ ಚಿತ್ರವೇ ಎದ್ದು ಬರುತ್ತದೆ, ಆಮೇಲೆ ಕೆಳಗಿನ ಬರೀ ಪ್ಲಾಸ್ಟಿಕ್ ಮುಖ ತೋರಿಸುತ್ತದೆ, ಅದಕ್ಕೆ ಯಾವ ಪಾಲಿಶೂ ಇಲ್ಲ.

ಒರೆಸು, ನೀವು (ತಲೆ ನೀವುತ್ತೇವಲ್ಲ, ಆ ನೀವು), ಸವರು, ಉಜ್ಜು, ತಿಕ್ಕು, ತೇಯು. ಕೈಯ ಬಲದ ಲೆಕ್ಕದಲ್ಲಿ ಇವು ಮೆಟ್ಟಿಲು ಮೆಟ್ಟಿಲಾಗಿ ನಿಂತಿವೆ ಅಲ್ವಾ? ಧೂಳು ತೆಗೆಯೋದು ಒರೆಸು. ಪಾಲಿಶ್ ಹಚ್ಚುವಾಗ ಸವರು. ಬೆರಳಿಗೆ ಮೈಕ್ರೊಫೈಬರ್ ಬಟ್ಟೆ ಸುತ್ತಿ, ಮರದ ಎಳೆ ಹೋದ ಕಡೆಗೆ ಹೆಚ್ಚು ಒತ್ತದೆ ಆಡಿಸೋದು ಉಜ್ಜು. ತಿಕ್ಕು ಪದವನ್ನು ನಾನು ಬೇಕಂತಲೇ ಬಿಟ್ಟಿದ್ದೇನೆ. ಪಾತ್ರೆ ತಿಕ್ಕುವ ಕೈ ಇಲ್ಲಿ ಬೇಡ. ಉತ್ತರ ಕರ್ನಾಟಕದಲ್ಲಿ ಹಲ್ಲೂ ತಿಕ್ಕುತ್ತಾರೆ, ಅಲ್ಲಿಯವರಿಗೆ ತಿಕ್ಕು ಅಷ್ಟೇನೂ ಒರಟು ಅನಿಸಲಿಕ್ಕಿಲ್ಲ. ಉಜ್ಜು ಎರಡೂ ಕಡೆ ನಡೆಯುತ್ತದಾ, ತಿಳಿಸಿ.

ಕೊನೆಗೆ ಉಪ್ಪುಕಾಗದದ, ಅಂದರೆ ಸ್ಯಾಂಡ್‌ಪೇಪರಿನ ಕೆಲಸ. ಉಗುರಿಗೆ ಸಿಕ್ಕೂ ಸಿಗದ ಹಾಗಿರುವ ಗೀರಿಗೆ, ಅದೂ ದಪ್ಪ ಲೇಪದ ನಿಜವಾದ ಮರದ ಪಟ್ಟಿಗೆ ಮಾತ್ರ, 2000 ನಂಬರಿನ ಕಾಗದವನ್ನು ನೀರಿನಲ್ಲಿ ನೆನೆಸಿ ಆಡಿಸುತ್ತಾರೆ, ಆಮೇಲೆ 3000. ನಂಬರ್ ದೊಡ್ಡದಾದಷ್ಟೂ ಕಾಗದ ನಯ. 1000ದ ಕಾಗದದಲ್ಲಿ ಕಣಗಳು ಸುಮಾರು 18 ಮೈಕ್ರೊಮೀಟರ್, 2000ದಲ್ಲಿ ಸುಮಾರು 10. (ಅಂಗಡಿಯಲ್ಲಿ "ಉಪ್ಪುಕಾಗದ" ಅಂದರೆ ಹುಡುಗರು ಮುಖ ನೋಡುತ್ತಾರೆ, "ವಾಟರ್ ಪೇಪರ್" ಅಂದರೆ ತಕ್ಷಣ ಕೊಡುತ್ತಾರೆ. ಬರಹದಲ್ಲಿ ಎರಡನ್ನೂ ಹಾಕುತ್ತೇನೆ.) ಉಜ್ಜಿದ ಜಾಗ ಮೊದಲು ಹಾಲಿನ ಗಾಜಿನಂತೆ ಮಂಕಾಗುತ್ತದೆ. ಅಲ್ಲಿ ಗಾಬರಿ ಬೀಳಬಾರದು. ಗೀರು ಹೋಗಿ ಅದರ ಜಾಗದಲ್ಲಿ ಸಾವಿರ ನಯ ಗೀರುಗಳು ಬಂದಿವೆ, ಪಾಲಿಶ್ ಅವನ್ನೂ ಇಳಿಸಿದಾಗ ಹೊಳಪು ವಾಪಸ್ ಬರುತ್ತದೆ.

ಈ ನೀರು ಹಾಕಿ ಆಡಿಸುವ ಹಂತಕ್ಕೆ ನನಗೆ ತೋಚಿದ ಪದ "ತೇಯು". ಸಾಣೆಕಲ್ಲಿನ ಮೇಲೆ ನೀರು ಹಾಕಿ ಗಂಧ ತೇಯುವಾಗ ಇರುವ ನಿಧಾನ, ಒಂದೇ ಸಮನಾದ ಒತ್ತಡ, ಸವೆತ ಎಲ್ಲ ಇಲ್ಲೂ ಇದೆ. ಬರೀ ಒಂದು ಅಳುಕು: ಗಂಧದಲ್ಲಿ ಸವೆಯೋದು ಕೈಯಲ್ಲಿರುವ ಕೊರಡು, ಇಲ್ಲಿ ಸವೆಯೋದು ಕೆಳಗಿರುವ ಪಟ್ಟಿ. "ಪಟ್ಟಿಯನ್ನು ತೇಯಿರಿ" ಅಂದರೆ ಪಟ್ಟಿಯನ್ನೇ ಬಿಚ್ಚಿಕೊಂಡು ಹೋಗಿ ಕಲ್ಲಿಗೆ ಹಚ್ಚಿಯಾರೇ?

ಹೊಳಪು ತರುವ ಕೊನೆಯ ಹಂತಕ್ಕೆ ಬಫಿಂಗ್ ಅನ್ನುತ್ತಾರೆ. ಮೆರುಗು ಕೊಡೋದು ಅನ್ನಬಹುದು. ಹಳಗನ್ನಡದ "ಒಪ್ಪವಿಡು" ಇನ್ನೂ ಚಂದ, ಆದರೆ ಇವತ್ತಿನವರಿಗೆ ಒಪ್ಪ ಉಳಿದಿರುವುದು "ಒಪ್ಪ ಓರಣ"ದಲ್ಲಿ ಮಾತ್ರ. ಚನ್ನಪಟ್ಟಣದ ಕಡೆಯವರು ಯಾರಾದರೂ ಇದ್ದರೆ ಒಂದು ಮಾತು ಕೇಳಬೇಕು. ಅಲ್ಲಿ ಗೊಂಬೆ ಕಡೆಯುವಾಗ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಹತ್ತುತ್ತದೆ, ಆಮೇಲೆ ತಾಳೆಗರಿ ಹಿಡಿದು ಮಿರಿಮಿರಿ ಮಿಂಚಿಸುತ್ತಾರೆ. ಆ ತಾಳೆಗರಿ ಹಿಡಿಯುವ ಕೆಲಸಕ್ಕೆ ಕೆಲಸಗಾರರು ತಮ್ಮತಮ್ಮಲ್ಲಿ ಏನನ್ನುತ್ತಾರೆ? ನನಗೆ ಬೇಕಾದ ಪದ ಅಲ್ಲೇ ಎಲ್ಲೋ ಇದೆ ಅಂತ ಬಲವಾದ ಗುಮಾನಿ.

ಮನೆಮದ್ದುಗಳ ಬಗ್ಗೆ ಯಾರಾದರೂ ಕೇಳೇ ಕೇಳುತ್ತೀರಿ. ಅಕ್ರೋಟು ಕಾಳು ಉಜ್ಜೋದು ಲೇಪವಿಲ್ಲದ, ಎಣ್ಣೆ ಕುಡಿದ ಮೇಜಿಗೆ ಸರಿ, ಕಾರಿನ ಪಟ್ಟಿಗೆ ಅಲ್ಲ. ತೆಂಗಿನೆಣ್ಣೆ ಹಚ್ಚಿದರೆ ಗೀರು ಮಾಯವಾದಂತೆ ಕಾಣುತ್ತದೆ, ಎಣ್ಣೆ ಗೀರಿನೊಳಗೆ ತುಂಬಿ ಬೆಳಕು ಚದುರೋದು ಕಮ್ಮಿ ಆಗುತ್ತದೆ ಅಷ್ಟೇ. ಎಣ್ಣೆ ಹೋದ ಮೇಲೆ ಗೀರು ಅಲ್ಲೇ ಇರುತ್ತದೆ, ಜೊತೆಗೆ ಧೂಳೂ ಮೆತ್ತಿರುತ್ತದೆ. ಟೂತ್‌ಪೇಸ್ಟಿನಲ್ಲಿ ಉಜ್ಜುವ ಪುಡಿ ಇರೋದು ನಿಜ, ಮಿಂಚುವ ಲೇಪದ ಮೇಲೆ ಸ್ವಲ್ಪ ಕೆಲಸವನ್ನೂ ಮಾಡುತ್ತದೆ, ಆದರೆ ಪಟ್ಟಿಯ ಸಂದಿನಲ್ಲಿ ಬೆಳ್ಳಗೆ ಒಣಗಿ ಕೂತರೆ ತೆಗೆಯೋದು ಇನ್ನೊಂದು ರಗಳೆ. ಸ್ಪಿರಿಟ್ ಇರುವ ಸ್ಯಾನಿಟೈಸರ್ ಮುಟ್ಟಿಸಬೇಡಿ. ಅರಗಿನ ಪಾಲಿಶ್ ಸ್ಪಿರಿಟ್ಟಿಗೆ ಕರಗುತ್ತದೆ, ಹಳೇ ಕಾರಿಗೆ ಯಾರಾದರೂ ಬಡಗಿಯಿಂದ ಅಂಥ ಪಾಲಿಶ್ ಹೊಡೆಸಿದ್ದರೆ ಕೆಟ್ಟಿತು. ಮಂಕು ಮೈಯ, ಎಳೆ ಕೈಗೆ ಸಿಗುವ ಹೊಸ ಬಗೆಯ ಮರಕ್ಕೆ ಪಾಲಿಶನ್ನೇ ಹಾಕಬಾರದು. ಉಜ್ಜಿದ ಜಾಗ ಮಾತ್ರ ಮಿಂಚಿ ಎದ್ದು ಕಾಣುತ್ತದೆ.

ಸದ್ಯದ ಕರಡು ಹೀಗಿದೆ, ಕತ್ತರಿ ಹಾಕಿ:

"ಮೊದಲು ಒರೆಸಿ ನೋಡಿ, ಬರೀ ಗೀಟಾದರೆ ಹೋಗುತ್ತದೆ. ಹೋಗದಿದ್ದರೆ ಉಗುರು ಅಡ್ಡ ಎಳೆದು ನೋಡಿ. ಉಗುರಿಗೆ ಸಿಗದ ಗೀರಾದರೆ ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷೆ ಮಾಡಿ, ಆಮೇಲೆ ಪ್ಲಾಸ್ಟಿಕ್ ಪಾಲಿಶನ್ನು ಕಡಲೆಕಾಳಿನಷ್ಟು ತೆಗೆದುಕೊಂಡು ಸವರಿ, ಹಗುರವಾಗಿ ಉಜ್ಜಿ, ಒಣಬಟ್ಟೆಯಲ್ಲಿ ಮೆರುಗು ಕೊಡಿ. ಸಾಕು ಅನಿಸಿದಲ್ಲಿ ನಿಲ್ಲಿಸಿ. ದಪ್ಪ ಲೇಪದ ನಿಜವಾದ ಮರವಾದರೆ ಮಾತ್ರ, ಅದೂ ಇಷ್ಟಕ್ಕೂ ಹೋಗದಿದ್ದರೆ, ನೀರು ಹಾಕಿ 2000ದ, ಆಮೇಲೆ 3000ದ ಕಾಗದದಲ್ಲಿ ತೇಯಿರಿ, ಮತ್ತೆ ಪಾಲಿಶ್ ಸವರಿ ಮೆರುಗು ಕೊಡಿ."

ಗೀಟು–ಗೀರು ಓದಿದ ಕೂಡಲೇ ಬೇರೆ ಬೇರೆ ಅನಿಸಿತಾ, ಇಲ್ಲ ಎರಡು ಸಲ ಓದಬೇಕಾಯಿತಾ? ಆ ಕೊನೆಯ "ತೇಯಿರಿ" ಓದಿ ನಿಮ್ಮ ಕೈ ಎಷ್ಟು ಜೋರಾಗಿ ಆಡಬೇಕು ಅಂದುಕೊಂಡಿತು? ಜಾಸ್ತಿ ಜೋರು ಅನಿಸಿದ್ದರೆ ಅಲ್ಲಿ ಏನು ಹಾಕಲಿ?