12 ಕೋರ್ಸಿನ ಟೇಸ್ಟಿಂಗ್ ಮೆನು: ಹೋಗಿ ಬಂದವರು ಅನುಭವ ಹೇಳಿ

ಮೊದಲ ಸಲ:
ನಮ್ಮ ಮದುವೆಯಾಗಿ 10 ವರ್ಷ ಆಗುತ್ತಿದೆ. ಆ ದಿನ ಒಂದು ದೊಡ್ಡ ಟೇಸ್ಟಿಂಗ್ ಮೆನು ರೆಸ್ಟೋರೆಂಟಿಗೆ ಹೋಗೋಣ ಅಂತ ಇದ್ದೇವೆ. ಶೆಫ್ ತಾವೇ ಆರಿಸಿದ ಚಿಕ್ಕ ಚಿಕ್ಕ ತಿನಿಸು ಒಂದಾದ ಮೇಲೊಂದು ಬರುತ್ತೆ, ಒಟ್ಟು 12 ಕೋರ್ಸ್, ದುಡ್ಡು ಪೂರ್ತಿ ಮುಂಗಡ. ಇಬ್ಬರೂ ಕುಡಿಯುವುದಿಲ್ಲ. ನಮ್ಮ ಯಜಮಾನರು ತುಂಬಾ ನಿಧಾನವಾಗಿ ಊಟ ಮಾಡುತ್ತಾರೆ. ವೈನ್ ಇಲ್ಲದ ಪೇರಿಂಗ್ (ಪ್ರತಿ ಕೋರ್ಸಿಗೂ ಹೊಂದುವ ಪಾನೀಯ) ತಗೊಳ್ಳುವುದಾ, ಬರೀ ನೀರು ಸಾಕಾ? ನಿಧಾನವಾದರೆ ಅವರು ಕಾಯುತ್ತಾರಾ? ದಯವಿಟ್ಟು ತಿಳಿಸಿ.

ಲೆಕ್ಕದ ಪುಸ್ತಕ:
ಮುಂಗಡ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ನಾವೂ ಪೂರ್ತಿ ದುಡ್ಡು ಕಟ್ಟಿದ್ದೆವು. ಹಿಂದಿನ ದಿನ ನಮ್ಮ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದಲೇ ಫೋನ್ ಮಾಡಿ ಬೇರೆ ದಿನ ಕೊಡಿ ಅಂತ ಬೇಡಿಕೊಂಡೆ. 72 ಗಂಟೆಗಿಂತ ಮೊದಲು ಹೇಳಬೇಕಿತ್ತಂತೆ. ಬೇಕಾದರೆ ಟಿಕೆಟ್ ಬೇರೆಯವರಿಗೆ ಕೊಡಿ ಅಂದರು. ಅವತ್ತು ರಾತ್ರಿ ನಾನು ಯಾರನ್ನು ಹುಡುಕಲಿ?

8 ತಿಂಗಳಾದ ಮೇಲೆ ಹಟ ಹಿಡಿದು ಮತ್ತೆ ಹೋದೆವು. ಒಬ್ಬರ ಮೆನುಗೆ 100 ಅಂತ ಇಟ್ಟುಕೊಳ್ಳಿ, ಲೆಕ್ಕ ಸುಲಭ. ಇಬ್ಬರಿಗೆ 200. ನನ್ನ ವೈನ್ ಪೇರಿಂಗ್ 80. ಹೆಂಡತಿಯ ಜ್ಯೂಸ್ ಪೇರಿಂಗ್ 45. ನೀರಿನ ಬಾಟಲಿ ಎರಡು, 8. ಮಧ್ಯದಲ್ಲಿ ಬಂದು "ಈ ಒಂದು ಐಟಂ ಸೇರಿಸಲಾ?" ಅಂತ ಕೇಳಿದರು. ಬೆಲೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದು ತಲೆಗೆ 15ರಂತೆ 30. ಅಲ್ಲಿಗೆ 363. ಅದರ ಮೇಲೆ 12% ಸರ್ವಿಸ್ ಚಾರ್ಜ್, 43 ಚಿಲ್ಲರೆ. ಒಟ್ಟು 406. ಮೊದಲು ಕಳೆದುಕೊಂಡ 200 ಸೇರಿಸಿದರೆ 606. ಒಂದೇ ಒಂದು ಊಟಕ್ಕೆ! ಊಟ ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಪ್ರತಿ ತಟ್ಟೆ ಬಂದಾಗಲೂ ನನಗೆ ಆಸ್ಪತ್ರೆಯ ಆ ಕಾರಿಡಾರೇ ನೆನಪಾಗುತ್ತಿತ್ತು.

ಅಡುಗೆಮನೆಯವ:
ನಿಮ್ಮ ತಾಯಿಗೆ ಆಗಿದ್ದು ಕೇಳಿ ಬೇಜಾರಾಯಿತು ಸರ್. ಆದರೆ ಮುಂಗಡವನ್ನು ಬೈಯಬೇಡಿ. ನಾನು 6 ವರ್ಷ ಇಂಥ ಅಡುಗೆಮನೆಯಲ್ಲಿ ಕೆಲಸ ಮಾಡಿದವನು. ನಮ್ಮಲ್ಲಿ ಇದ್ದದ್ದು 24 ಸೀಟು. ಸಾಮಾನು ತಲೆ ಲೆಕ್ಕದಲ್ಲೇ ತರಿಸುವುದು. ನಾಲ್ಕು ಜನ ಹೇಳದೆ ಕೇಳದೆ ಬರದಿದ್ದರೆ ಅವತ್ತಿನ ಲಾಭ ಪೂರ್ತಿ ಹೋಯಿತು. ಆ ನಾಲ್ಕು ಪಾಲು ಸಾಮಾನು ಮಾರನೇ ದಿನಕ್ಕೆ ಬರುವುದಿಲ್ಲ. ಅದಕ್ಕೇ ಶಿಕಾಗೋದ ಅಲಿನಿಯಾ ರೆಸ್ಟೋರೆಂಟಿನವರು 2011ರಲ್ಲಿ ನೆಕ್ಸ್ಟ್ ಅನ್ನೋ ಎರಡನೇ ರೆಸ್ಟೋರೆಂಟ್ ತೆರೆದಾಗ ನಾಟಕದ ಟಿಕೆಟ್ ಥರ ಊಟವನ್ನು ಮೊದಲೇ ಮಾರಿದರು. ಅದೇ ಮುಂದೆ ಟಾಕ್ ಅನ್ನೋ ಬುಕಿಂಗ್ ವ್ಯವಸ್ಥೆ ಆಯಿತು.

ಸ್ಪೇನಿನ ಎಲ್ ಬುಯಿ ರೆಸ್ಟೋರೆಂಟ್ ಗೊತ್ತಲ್ಲ? ಒಂದು ಸೀಸನ್‌ಗೆ ಸುಮಾರು 8,000 ಸೀಟು, ಕೇಳಿಕೊಂಡು ಬರುವವರು ಲಕ್ಷಗಟ್ಟಲೆ. ಆದರೂ ಬರೀ ಊಟದಿಂದ ಲಾಭ ಬರುತ್ತಿರಲಿಲ್ಲ. 2011ರ ಜುಲೈಯಲ್ಲಿ ಮುಚ್ಚಿದರು. ಈ ಧಂದೆಯಲ್ಲಿ ದುಡ್ಡು ಕೊಳ್ಳೆ ಹೊಡೆಯುತ್ತಾರೆ ಅಂದುಕೊಳ್ಳುವವರಿಗೆ ಇದು ಗೊತ್ತಿರಲಿ.

ಲೆಕ್ಕದ ಪುಸ್ತಕ:
ಲಾಭ ಇಲ್ಲ ಅನ್ನುತ್ತೀರಿ. ಕೂಲಿ ಕೊಡದೆ ದುಡಿಸಿಕೊಂಡದ್ದು ಯಾರು ಹಾಗಾದರೆ? ಡೆನ್ಮಾರ್ಕಿನ ನೋಮಾ ರೆಸ್ಟೋರೆಂಟ್ 2003ರಲ್ಲಿ ಶುರುವಾಯಿತು. ಅಲ್ಲಿ ಇಂಟರ್ನ್‌ಗಳಿಗೆ ಸಂಬಳ ಕೊಡಲು ಶುರು ಮಾಡಿದ್ದು 2022ರಲ್ಲಿ. ಮರುವರ್ಷ ಜನವರಿಯಲ್ಲೇ ಈ ರೀತಿ ರೆಸ್ಟೋರೆಂಟ್ ನಡೆಸಲು ಆಗುವುದಿಲ್ಲ ಅಂತ ಹೇಳಿಕೆ ಕೊಟ್ಟರು. ಪ್ರಪಂಚದ ನಂಬರ್ ಒನ್ ಅಂತ ಐದು ಸಲ ಹೆಸರು ತಗೊಂಡ ಜಾಗ ಸ್ವಾಮಿ ಅದು!

ಅಡುಗೆಮನೆಯವ:
ನಾನೂ ಮೊದಲ 4 ತಿಂಗಳು ಸಂಬಳ ಇಲ್ಲದೆ ದುಡಿದಿದ್ದೇನೆ. ಬೆಳಿಗ್ಗೆ 9ಕ್ಕೆ ಹೋದರೆ ರಾತ್ರಿ 1 ಗಂಟೆ. ಚಿಮಟಿಗೆ ಹಿಡಿದು ಎಲೆ ಜೋಡಿಸಿ ಜೋಡಿಸಿ ಕತ್ತು ನೋವು ಬಂದಿದ್ದು ಇವತ್ತಿಗೂ ಹೋಗಿಲ್ಲ. ನನಗೆ ನೀವು ಪಾಠ ಹೇಳಬೇಕಾಗಿಲ್ಲ.

ಕಿಟಕಿ ಪಕ್ಕ:
ಜಗಳ ಬಿಡಿ. ನಾನು ಒಬ್ಬಳೇ ಹೋಗಿದ್ದೆ. ಮೂರು ವರ್ಷ ಪ್ರತಿ ತಿಂಗಳೂ ಸ್ವಲ್ಪ ಸ್ವಲ್ಪ ಎತ್ತಿಟ್ಟೆ. ಎಷ್ಟೋ ಕಡೆ ಒಬ್ಬರಿಗೆ ಟೇಬಲ್ಲೇ ಕೊಡುವುದಿಲ್ಲ, ಎರಡು ಸೀಟಿನ ದುಡ್ಡು ಕೊಡಿ ಅನ್ನುತ್ತಾರೆ. ಆರು ಕಡೆ ಕೇಳಿದ ಮೇಲೆ ಒಂದು ಕಡೆ ಕೌಂಟರಿನಲ್ಲಿ ಜಾಗ ಸಿಕ್ಕಿತು. ರೆಸ್ಟೋರೆಂಟುಗಳಿಗೆ ಸ್ಟಾರ್ ಕೊಡುವ ಮಿಷೆಲಿನ್ ಗೈಡ್ ಪ್ರಕಾರ 3 ಸ್ಟಾರ್ ಅಂದರೆ ಅದಕ್ಕಂತಲೇ ಪ್ರಯಾಣ ಮಾಡಬಹುದಾದ ಜಾಗ. ನಾನು ಹೋದದ್ದು 1 ಸ್ಟಾರಿನದು. ನನಗೆ ಅಷ್ಟೇ ಬೇಕಾದಷ್ಟಾಯಿತು.

17 ಕೋರ್ಸ್, 3 ಗಂಟೆ 40 ನಿಮಿಷ. ಒಂದೇ ಒಂದು ಕ್ಯಾರೆಟ್ ಬಂತು. ಉಪ್ಪಿನ ಹಿಟ್ಟಿನೊಳಗೆ ಮುಚ್ಚಿ ಬೇಯಿಸಿದ್ದು. ನನ್ನ ಎದುರೇ ಚಿಪ್ಪು ಒಡೆದು ತೆಗೆದರು. ಕ್ಯಾರೆಟ್ಟಿಗೆ ಇಷ್ಟು ರುಚಿ ಇರುತ್ತೆ ಅಂತ 41 ವರ್ಷ ನನಗೆ ಗೊತ್ತೇ ಇರಲಿಲ್ಲ. ಕಣ್ಣಲ್ಲಿ ನೀರು ಬಂತು. ನಿಜವಾಗಿ ಹೇಳುತ್ತಿದ್ದೇನೆ. ಒಂದೇ ತಪ್ಪು ಮಾಡಿದೆ. ಮೂರನೇ ಕೋರ್ಸಿನ ಜೊತೆ ಬಂದ ಬ್ರೆಡ್ಡು, ಬೆಣ್ಣೆ ಎರಡು ಸಲ ಹಾಕಿಸಿಕೊಂಡೆ. 11ನೇ ಕೋರ್ಸಿಗೆ ಹೊಟ್ಟೆ ಬಿಗಿದುಕೊಂಡಿತು. ಕೊನೆಯ ಎರಡು ಸಿಹಿ ಬರೀ ಚಮಚದ ತುದಿಯಲ್ಲಿ ನೆಕ್ಕಿದೆ. ಆ ಎರಡು ಸಿಹಿ ಇವತ್ತಿಗೂ ಕನಸಲ್ಲಿ ಬರುತ್ತವೆ.

ಹಸಿರು ತಟ್ಟೆ:
ಹೊಟ್ಟೆ ಬಿಗಿದುಕೊಂಡಿತಾ? ನೀವು ಪುಣ್ಯವಂತರು ಬಿಡಿ. ನಾನು ಶುದ್ಧ ಸಸ್ಯಾಹಾರಿ. ಮೂರು ವಾರ ಮೊದಲೇ ಮೇಲ್ ಹಾಕಿದ್ದೆ. ಎರಡು ದಿನ ಮೊದಲು ಫೋನ್ ಮಾಡಿ ನೆನಪಿಸಿದೆ. ಬಾಗಿಲಲ್ಲಿ ಮತ್ತೆ ಹೇಳಿದೆ. ಆರನೇ ಕೋರ್ಸಿನ ಸಾರು ಒಂದು ಚಮಚ ಬಾಯಿಗಿಟ್ಟ ಕೂಡಲೇ ಮೀನಿನ ವಾಸನೆ ಗೊತ್ತಾಯಿತು. ಕರೆದು ಕೇಳಿದರೆ "ಅಡಿಗಷ್ಟೇ ಮೀನಿನ ಸ್ಟಾಕ್ (ಮೀನು ಕುದಿಸಿದ ನೀರು) ಹಾಕಿದ್ದೇವೆ, ತುಂಡು ಇಲ್ಲ" ಅಂದರು. ಆಮೇಲೆ ಬಂದ ಸಿಹಿಯಲ್ಲಿ ಜೆಲಾಟಿನ್, ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡುವುದು. ಉಳಿದ ಕೋರ್ಸ್‌ಗಳಲ್ಲಿ ಮಾಂಸ ತೆಗೆದು ಪಕ್ಕದಲ್ಲಿದ್ದ ತರಕಾರಿ ಮಾತ್ರ ಬಿಟ್ಟಿದ್ದರು. ದುಡ್ಡು ಮಾತ್ರ ಒಂದು ಪೈಸೆ ಕಮ್ಮಿ ಇಲ್ಲ.

ತರಕಾರಿಯಿಂದ ಆಗುವುದಿಲ್ಲ ಅಂತ ಯಾರೂ ಹೇಳಬೇಡಿ. ಪ್ಯಾರಿಸ್ಸಿನ ಆರ್ಪೇಜ್ ರೆಸ್ಟೋರೆಂಟಿನಲ್ಲಿ ಶೆಫ್ ಅಲೆನ್ ಪಸಾರ್ 2001ರಲ್ಲೇ ಕೆಂಪು ಮಾಂಸ ನಿಲ್ಲಿಸಿ ತರಕಾರಿಯನ್ನೇ ಮುಂದೆ ತಂದರು. 3 ಸ್ಟಾರ್ ಹಾಗೇ ಉಳಿಯಿತು.

ಅಡುಗೆಮನೆಯವ:
ಸಸ್ಯಾಹಾರಿ ಅಂತ ಬರೆದರೆ ಸಾಲದು ಮೇಡಂ. ಕೆಲವರು ಮೊಟ್ಟೆ ತಿನ್ನುತ್ತಾರೆ, ಕೆಲವರಿಗೆ ಮೀನು ನಡೆಯುತ್ತೆ. ಜೆಲಾಟಿನ್ ಬೇಡ, ಸ್ಟಾಕ್ ಬೇಡ ಅಂತ ಒಂದೊಂದಾಗಿ ಬರೆಯಬೇಕು. ಅರ್ಧ ಜನ ಬರೆಯುವುದಿಲ್ಲ, ಬಂದು ನಮ್ಮ ಮೇಲೆ ಕೂಗಾಡುತ್ತಾರೆ. ಇನ್ನು ಆರ್ಪೇಜ್ ಒಂದನ್ನೇ ಹೇಳಿದರೆ ಹೇಗೆ? ನ್ಯೂಯಾರ್ಕಿನ ಇಲೆವೆನ್ ಮ್ಯಾಡಿಸನ್ ಪಾರ್ಕ್ 2021ರಲ್ಲಿ ಪೂರ್ತಿ ಸಸ್ಯಮೂಲದ ಊಟಕ್ಕೆ ಹೋಯಿತು. 2025ರಲ್ಲಿ ಮಾಂಸ ವಾಪಸ್ ಬಂತು.

ಹಸಿರು ತಟ್ಟೆ:
ಮೂರು ಸಲ ಹೇಳಿದವಳಿಗೇ ಬುದ್ಧಿ ಹೇಳುತ್ತೀರಲ್ಲ! ಬಡಿಸುವ ಕೈಗೆ ಸ್ವಲ್ಪವೂ ಜವಾಬ್ದಾರಿ ಬೇಡವಾ?

ಕಿಟಕಿ ಪಕ್ಕ:
ಇಬ್ಬರೂ ಸ್ವಲ್ಪ ಸುಮ್ನಿರಿ. ನನ್ನ ಪಕ್ಕ ಕೂತವರ ಬಗ್ಗೆ ಹೇಳುವುದೇ ಮರೆತಿದ್ದೆ. ಪ್ರತಿ ತಟ್ಟೆಗೂ ಫ್ಲ್ಯಾಶ್ ಹಾಕಿ ಹತ್ತು ಫೋಟೋ. ನನ್ನ ಕ್ಯಾರೆಟ್ಟಿಗೂ ಆ ಬೆಳಕು ಬಿತ್ತು. ಮೂರು ವರ್ಷ ಕಾದು ಹೋದವಳಿಗೆ ಎಷ್ಟು ಸಂಕಟ ಆಗಿರಬೇಡ?

ಲೆಕ್ಕದ ಪುಸ್ತಕ:
ನಾನೂ ಫೋಟೋ ತೆಗೆದಿದ್ದೇನೆ, ಫ್ಲ್ಯಾಶ್ ಇಲ್ಲದೆ. 406 ಕೊಟ್ಟವನಿಗೆ ಅಷ್ಟೂ ಹಕ್ಕಿಲ್ವಾ?

ಮೊದಲ ಸಲ:
ಎಲ್ಲರಿಗೂ ಧನ್ಯವಾದ. ಆದರೆ ಪೇರಿಂಗ್ ವಿಷಯ ಯಾರೂ ಹೇಳಲಿಲ್ಲ. ನಿಧಾನ ಊಟದ್ದೂ ಇಲ್ಲ.

ಅಡುಗೆಮನೆಯವ:
ಕ್ಷಮಿಸಿ ಮೇಡಂ. ನಿಧಾನಕ್ಕೆ ಏನೂ ಹೆದರಬೇಡಿ. ಟೇಬಲ್ಲಿನ ಇಬ್ಬರ ತಟ್ಟೆಯೂ ಖಾಲಿಯಾದ ಮೇಲೇ ಮುಂದಿನದನ್ನು ಶುರು ಮಾಡುವುದು. ಬುಕ್ ಮಾಡುವಾಗಲೇ ಒಂದು ಮಾತು ಹೇಳಿ, ಮೊದಲ ಸರದಿಯ ಸಮಯ ತಗೊಳ್ಳಬೇಡಿ. ಆ ಸರದಿಯಲ್ಲಿ ಮುಂದಿನವರಿಗೆ ಟೇಬಲ್ ಬಿಟ್ಟುಕೊಡಬೇಕಾಗುತ್ತೆ.

ಲೆಕ್ಕದ ಪುಸ್ತಕ:
ಇಬ್ಬರ ಮಧ್ಯೆ ಒಂದೇ ಜ್ಯೂಸ್ ಪೇರಿಂಗ್ ಸಾಕು, ಹಂಚಿಕೊಳ್ಳಬಹುದಾ ಅಂತ ಮೊದಲೇ ಕೇಳಿ. ನನ್ನ ಹೆಂಡತಿ ಏಳನೇ ಗ್ಲಾಸಿಗೆ ಸಿಹಿ ಜಾಸ್ತಿಯಾಗಿ ಬಿಟ್ಟಳು. ನೀರು ಮಾಮೂಲಿ ಸಾಕು ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಬಾಟಲಿ ತೆರೆದೇ ತೆರೆಯುತ್ತಾರೆ.

ಹಸಿರು ತಟ್ಟೆ:
ಅಡುಗೆಮನೆಯವರೇ, ಈಗ ಹುಡುಕಿ ತೆಗೆದೆ ಆ ಮೇಲ್. ಮೂರೇ ಸಾಲು ಇದೆ. ಎರಡನೇ ಸಾಲಿನಲ್ಲಿ "ಮೀನು, ಮಾಂಸದ ಸ್ಟಾಕ್ ಕೂಡ ಬೇಡ" ಅಂತ ಬರೆದಿದ್ದೇನೆ. ಜೆಲಾಟಿನ್ ಬರೆದಿಲ್ಲ, ಒಪ್ಪುತ್ತೇನೆ.

ಅಡುಗೆಮನೆಯವ:
ಹಾಗಿದ್ದರೆ ಸಾರಿನದ್ದು ಪೂರ್ತಿ ಅಡುಗೆಮನೆಯದೇ ತಪ್ಪು. ನಮ್ಮ ಶೆಫ್ ಆಗಿದ್ದರೆ ಆ ರಾತ್ರಿಯ ದುಡ್ಡು ವಾಪಸ್ ಕೊಡುತ್ತಿದ್ದರು. ಜೆಲಾಟಿನ್ ಬಗ್ಗೆ ಮಾತ್ರ ನಾನು ಹೇಳಿದ್ದು ಹೇಳಿದ್ದೇ.