ಹತ್ತು ದಿನ ಖಾಲಿ ಬಿಟ್ಟ ಬಯಲಲ್ಲಿ ಹುಳು ಏನು ತಿಂದು ಬದುಕಿತು?

ಮಳವಳ್ಳಿ ಕುರಿಮನೆ:
ನಮಸ್ಕಾರ. ಮಳವಳ್ಳಿ ಹತ್ತಿರ ನಮ್ಮ ಹದಿನೆಂಟು ಬಂಡೂರು ಕುರಿಗಳಿವೆ. ಮಳೆ ಹಿಡಿದ ಮೇಲೆ ಎರಡು ಮರಿ ಸತ್ತವು. ಒಂದು ತಾಯಿಕುರಿಗೆ ದವಡೆ ಕೆಳಗೆ ನೀರು ತುಂಬಿ ಚೀಲದ ಹಾಗೆ ಜೋತುಬಿತ್ತು. ರೆಪ್ಪೆ ಮಗುಚಿದರೆ ಒಳಗೆ ಸುಣ್ಣ ಬಳಿದಷ್ಟು ಬಿಳಿ. ಡಾಕ್ಟರು ಸತ್ತ ಮರಿಯ ನಾಲ್ಕನೇ ಹೊಟ್ಟೆ ಕೊಯ್ದು ತೋರಿಸಿದರು. ಕೆಂಪು-ಬಿಳಿ ದಾರ ಹೊಸೆದ ಹಾಗೆ ಹುಳುಗಳು. ಹೀಮಾಂಕಸ್ ಅಂದರು.

ಔಷಧಿ ಕುಡಿಸಿ ಬಯಲು ಖಾಲಿ ಬಿಡಿ ಅಂದರು. ಎಷ್ಟು ದಿನ ಅಂತ ನಾನು ಕೇಳಲಿಲ್ಲ, ನನ್ನದೇ ತಪ್ಪು. ಹತ್ತು ದಿನ ಬೇಲಿ ಕಟ್ಟಿ, ಹನ್ನೊಂದನೇ ದಿನ ಬಿಟ್ಟೆ. ತಿಂಗಳಲ್ಲಿ ಮತ್ತೆ ಅದೇ ಕಥೆ! ಹುಲ್ಲಿನ ಮೇಲಿರುವ ಮರಿಹುಳು ಏನೂ ತಿನ್ನುವುದಿಲ್ಲ, ಮೈಯೊಳಗಿನ ಕೊಬ್ಬಿನಲ್ಲೇ ಬದುಕುತ್ತದೆ ಅಂತಲೂ ಡಾಕ್ಟರು ಹೇಳಿದ್ದರು. ಕಣ್ಣಿಗೇ ಕಾಣದ ಹುಳಕ್ಕೆ ಎಷ್ಟು ಕೊಬ್ಬು ಇದ್ದೀತು? ಹತ್ತು ದಿನದ ಉಪವಾಸ ಸಾಲದಾ?

ನಮ್ಮಪ್ಪನದು ಇನ್ನೊಂದು ವಾದ. "ಬಂಡೂರು ಕುರಿಗೆ ಹೆಸರು ಬಂದಿದ್ದೇ ಕೊಬ್ಬಿನಿಂದ. ಅದನ್ನೆಲ್ಲ ಹುಳ ತಿಂದ್ಹಾಕ್ತು" ಅಂತಾರೆ. ನಿಜವಾ?

ಮೈಸೂರು ಮೇಷ್ಟ್ರು:
ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು ನಾನು. ಮೊದಲು ನಿಮ್ಮ ತಂದೆಯವರ ಮಾತು. ಅದು ಅರ್ಧ ಸರಿ. ಈ ಹುಳು ಕುರಿಯ ಕೊಬ್ಬನ್ನು ಕಚ್ಚಿ ತಿನ್ನುವುದಿಲ್ಲ, ರಕ್ತ ಕುಡಿಯುತ್ತದೆ. ಒಂದು ಹುಳಕ್ಕೆ ದಿನಕ್ಕೆ ಸುಮಾರು 0.05 ಮಿಲಿಲೀಟರ್. ಸಾವಿರ ಹುಳು ಇದ್ದರೆ 50 ಮಿಲಿ, ದಿನಾ! ಸೊರಗಿದ ಕುರಿ ತನ್ನ ಕೊಬ್ಬನ್ನು ತಾನೇ ಕರಗಿಸಿಕೊಳ್ಳುತ್ತದೆ.

ಆದರೆ ಹುಳಕ್ಕೂ ಕುರಿಯ ಕೊಬ್ಬು ಬೇಕು. ಈ ಜಾತಿಯ ಹುಳುಗಳಿಗೆ ಕೊಲೆಸ್ಟರಾಲ್ ತಯಾರಿಸಲು ಬರುವುದೇ ಇಲ್ಲ. ಅದನ್ನು ಸಾಲ ತರಬೇಕು, ವಾಪಸ್ ಕೊಡುವ ಸಾಲವಲ್ಲ ಅಷ್ಟೇ. ಕೊಬ್ಬಿನ ಆಮ್ಲಗಳನ್ನು ಹಿಡಿದು ಸಾಗಿಸುವ ಪ್ರೋಟೀನ್‌ಗಳೂ ಅವುಗಳ ಹತ್ತಿರ ಇವೆ. ಯಾಕೆ ಇಷ್ಟೆಲ್ಲ? ಒಂದು ಹೆಣ್ಣುಹುಳು ದಿನಕ್ಕೆ 5,000 ರಿಂದ 10,000 ಮೊಟ್ಟೆ ಇಡುತ್ತದೆ. ಪ್ರತಿ ಮೊಟ್ಟೆಗೂ ಚೂರು ಕೊಬ್ಬು ಕಟ್ಟಿಕೊಡಬೇಕಲ್ಲ.

ಈಗ ನಿಮ್ಮ ಹತ್ತು ದಿನ. ಬೇಸರ ಮಾಡಿಕೊಳ್ಳಬೇಡಿ, ಅದಕ್ಕಿಂತ ಕೆಟ್ಟ ಲೆಕ್ಕ ಹಾಕುವುದು ಕಷ್ಟ. ಹಿಕ್ಕೆಯಲ್ಲಿ ಮೊಟ್ಟೆ ಒಡೆದು ಬಂದ ಮರಿ, ಮೊದಲ ಎರಡು ಹಂತದಲ್ಲಿ ಅಲ್ಲಿನ ಬ್ಯಾಕ್ಟೀರಿಯಾಗಳನ್ನು ಹೊಟ್ಟೆ ತುಂಬಾ ತಿನ್ನುತ್ತದೆ. ಕರುಳಿನ ಕೋಶಗಳಲ್ಲಿ ಕೊಬ್ಬನ್ನು ಹನಿ ಹನಿಯಾಗಿ ಕೂಡಿಡುತ್ತದೆ. ಮೂರನೇ ಹಂತದಲ್ಲಿ ಹಳೆಯ ಚರ್ಮವನ್ನು ಕಳಚದೆ ಗೊರಬಿನ ಹಾಗೆ ಹೊದ್ದುಕೊಳ್ಳುತ್ತದೆ. ಅಲ್ಲಿಗೆ ಬಾಯಿ ಬಂದ್. ಆಮೇಲೆ ಕಟ್ಟಿಕೊಂಡ ಬುತ್ತಿಯೇ ಗತಿ. ನಮ್ಮ ಕಡೆಯ ಮಳೆಗಾಲದಲ್ಲಿ ಇಷ್ಟಕ್ಕೆಲ್ಲ ಒಂದು ವಾರ ಸಾಕು. ನೀವು ಬೇಲಿ ತೆಗೆದ ದಿನ ಅವು ತುಂಬಿದ ಬುತ್ತಿ ಇಟ್ಟುಕೊಂಡು ಹುಲ್ಲಿನ ತುದಿಯಲ್ಲಿ ಕಾಯುತ್ತಿದ್ದವು.

ಮೈಕ್ರೋಸ್ಕೋಪಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಹೊಸ ಮರಿಯ ಕರುಳು ಕಾಳು ತುಂಬಿದ ಹಾಗೆ ಕಪ್ಪಗಿರುತ್ತದೆ. ಹಳೆಯದು ಗಾಜಿನಂತೆ ತಿಳಿ. ಅಂಥದ್ದನ್ನು ಕುರಿ ನುಂಗಿದರೂ ಅದು ಒಳಗೆ ನೆಲೆ ನಿಲ್ಲುವುದು ಕಷ್ಟ.

ಮಳವಳ್ಳಿ ಕುರಿಮನೆ:
ಸಾರ್, ಓದಿ ತಲೆ ಮೇಲೆ ಕೈ ಇಟ್ಟುಕೊಂಡೆ. ಹಾಗಾದರೆ ಎಷ್ಟು ದಿನ ಬಿಡಬೇಕು? ಬಿಸಿಲು ಬಿದ್ದರೆ ಬುತ್ತಿ ಬೇಗ ಖಾಲಿ ಆಗುತ್ತದಾ?

ಮೈಸೂರು ಮೇಷ್ಟ್ರು:
ಆಗುತ್ತದೆ. ಸುತ್ತ ಎಷ್ಟು ಬಿಸಿಯೋ ಹುಳದ ಮೈಯೂ ಅಷ್ಟೇ ಬಿಸಿ. ಬಿಸಿ ಏರಿದರೆ ಓಡಾಟ ಜಾಸ್ತಿ, ಕೊಬ್ಬು ಬೇಗ ಉರಿಯುತ್ತದೆ. ಚಳಿ ದೇಶಗಳಲ್ಲಿ ತಿಂಗಳುಗಟ್ಟಲೆ ಬದುಕುವ ಮರಿ ಬಿಸಿ-ತೇವದ ಜಾಗದಲ್ಲಿ ಕೆಲವೇ ವಾರ ಇರುತ್ತದೆ. ಎರಡು ತಿಂಗಳು ಬಿಟ್ಟರೆ ಒಳ್ಳೆಯದು.

ಬನ್ನೂರು ದಾರಿ:
ಮೇಷ್ಟ್ರೇ, ಎರಡು ತಿಂಗಳು ಖಾಲಿ ಬಿಡೋಕೆ ನಮ್ಮಂಥವರ ಹತ್ತಿರ ಜಮೀನು ಎಲ್ಲಿದೆ? ಕುರಿಮನೆಯವರೇ, ನಾನು ಮಾಡುವುದು ಹೇಳುತ್ತೇನೆ. ಆ ಬಯಲಿಗೆ ದೊಡ್ಡ ಹಸು, ಎಮ್ಮೆ ಬಿಡುತ್ತೇನೆ. ಮೇಕೆ ಬೇಡ, ಅದಕ್ಕೂ ಇದೇ ಹುಳು. ನಾಲೆ ಏರಿ ಮೇಲೆ ಇಬ್ಬನಿ ಆರುವ ತನಕ ಕುರಿ ಬಿಡುವುದಿಲ್ಲ. ತೇವ ಇದ್ದಾಗಲೇ ಆ ಹುಳು ಹುಲ್ಲು ಹತ್ತುವುದು. ಔಷಧಿಯನ್ನೂ ಸುಮ್ನೆ ಎಲ್ಲದಕ್ಕೂ ಕುಡಿಸಬೇಡಿ, ರೆಪ್ಪೆ ನೋಡಿ ಬಿಳಿಚಿಕೊಂಡದ್ದಕ್ಕೆ ಕೊಡಿ. ಇಲ್ಲದಿದ್ದರೆ ಹುಳಕ್ಕೆ ಔಷಧಿ ಒಗ್ಗಿಹೋಗುತ್ತದೆ.

ಮೈಸೂರು ಮೇಷ್ಟ್ರು:
ಹಸುವಿನ ಉಪಾಯ ಸರಿಯಾಗಿದೆ. ಹಸು ನುಂಗಿದ ಮರಿಗಳಲ್ಲಿ ಹೆಚ್ಚಿನವು ಅಲ್ಲೇ ಸಾಯುತ್ತವೆ. ಕರು ಮಾತ್ರ ಬಿಡಬೇಡಿ.

ಕೇಳದೇ ಇನ್ನೊಂದು ಹೇಳುತ್ತೇನೆ, ಮೇಷ್ಟ್ರ ಚಾಳಿ. ಮನುಷ್ಯರ ಕರುಳಿನ ದೊಡ್ಡ ದುಂಡುಹುಳು ಅಸ್ಕಾರಿಸ್‌ನದು ಉಲ್ಟಾ ಕಥೆ. ಕರುಳಿನಲ್ಲಿ ಆಮ್ಲಜನಕ ಕಡಿಮೆ. ಹಾಗಾಗಿ ದೊಡ್ಡ ಹುಳು ಕೊಬ್ಬನ್ನು ಉರಿಸುವುದಿಲ್ಲ, ಸಕ್ಕರೆಯಲ್ಲೇ ಬದುಕಿ ಕೊಬ್ಬಿನ ಚಿಕ್ಕ ಆಮ್ಲಗಳನ್ನು ಹೊರಗೆ ಬಿಡುತ್ತದೆ. ತಾಜಾ ಹುಳು ಸೀಳಿದರೆ ಹೊಡೆಯುವ ವಾಸನೆಗೆ ಅವೂ ಕಾರಣ. ಅದರ ಮೊಟ್ಟೆ ಮಣ್ಣಿಗೆ ಬಿದ್ದು ಗಾಳಿ ಸಿಕ್ಕಿದ ಮೇಲೆ ಒಳಗಿನ ಮರಿ ಕೊಬ್ಬು ಉರಿಸುತ್ತದೆ. ಕೊಬ್ಬಿನಿಂದ ಸಕ್ಕರೆಯನ್ನೂ ಮಾಡಿಕೊಳ್ಳುತ್ತದೆ. ಆ ದಾರಿ ನಮ್ಮ ಮೈಗೆ ಗೊತ್ತಿಲ್ಲ.

ಮಳವಳ್ಳಿ ಕುರಿಮನೆ:
ತುಂಬಾ ಉಪಕಾರ ಆಯಿತು. ಪಕ್ಕದ ಮನೆಯ ಎರಡು ಎಮ್ಮೆ ಇವತ್ತಿನಿಂದ ನಮ್ಮ ಬಯಲಲ್ಲಿ. ಅಪ್ಪನಿಗೆ "ಅರ್ಧ ಸರಿ" ಅಂತ ಓದಿ ಹೇಳಿದೆ. ಅವರು ಊರೆಲ್ಲ ಪೂರ್ತಿ ಸರಿ ಅಂತ ಹೇಳಿಕೊಂಡು ಬಂದಿದ್ದಾರೆ.