ಹೊಸ ಸಹಪೈಲಟ್‌ಗೆ ಎಂಥ ಟ್ರಾಲಿ ಬ್ಯಾಗ್, ಎಂಥ ಕೂಲರ್ ಬ್ಯಾಗ್?

ಶರಾವತಿ ತೀರ:
ಎಲ್ಲರಿಗೂ ನಮಸ್ಕಾರ. ಎಟಿಆರ್ 72-600 ಎಂಬ ಪ್ರೊಪೆಲರ್ ವಿಮಾನದ ಟೈಪ್ ರೇಟಿಂಗ್ (ಆ ಮಾದರಿಯನ್ನು ಹಾರಿಸುವ ಅರ್ಹತೆ) ಮುಗಿಸಿದ್ದೇನೆ. ಬರುವ ತಿಂಗಳಿನಿಂದ ಬೆಂಗಳೂರು ನೆಲೆಯಲ್ಲಿ ಸಹಪೈಲಟ್ ಆಗಿ ಲೈನ್ ತರಬೇತಿ (ಪ್ರಯಾಣಿಕರಿರುವ ಹಾರಾಟಗಳಲ್ಲೇ ಕಲಿಕೆ) ಆರಂಭವಾಗಲಿದೆ. ದಿನಕ್ಕೆ ನಾಲ್ಕು ಸೆಕ್ಟರ್‌ಗಳವರೆಗೆ (ಒಂದು ಊರಿನಿಂದ ಇನ್ನೊಂದಕ್ಕೆ ಒಂದು ಸೆಕ್ಟರ್) ಹಾರಾಟವೂ ವಾರಕ್ಕೆ ಒಂದೆರಡು ರಾತ್ರಿ ಹೊರಗಿನ ಊರಿನಲ್ಲಿ ತಂಗುವುದೂ ಇರುತ್ತದೆಂದು ಹೇಳಿದ್ದಾರೆ. ತರಬೇತಿಯ ಸಾಲ ಇನ್ನೂ ತೀರಿಲ್ಲವಾದ್ದರಿಂದ, ಟ್ರಾಲಿ ಬ್ಯಾಗ್ ಮತ್ತು ಊಟ ಒಯ್ಯುವ ಕೂಲರ್ ಬ್ಯಾಗ್ ಎರಡಕ್ಕೂ ಸೇರಿ ಇಪ್ಪತ್ತು ಸಾವಿರ ರೂಪಾಯಿ ಮೀರುವಂತಿಲ್ಲ. ಅಮೆರಿಕದ ಪೈಲಟ್‌ಗಳು ಲಗೇಜ್‌ವರ್ಕ್ಸ್‌ನಂಥ ಲೋಹದ ಚೌಕಟ್ಟಿನ ಬ್ಯಾಗ್‌ಗಳನ್ನು ಬಹಳ ಮೆಚ್ಚಿ ಮಾತನಾಡುತ್ತಾರೆ. ಅಂಥದ್ದನ್ನೇ ತರಿಸಿಕೊಳ್ಳಬೇಕೆ? ಇನ್ನೊಂದು ವಿಷಯ: ನಾನು ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಕಂಪನಿ ಊಟ ಕೊಡುತ್ತದೆಯಾದರೂ ಮನೆಯ ಬುತ್ತಿ ಒಯ್ಯಬೇಕೆಂದಿದ್ದೇನೆ.

ಕಪ್ತಾನ ಹುಬ್ಬಳ್ಳಿ:
ಅಭಿನಂದನೆಗಳು. ಬ್ಯಾಗಿನ ಕಂಪನಿ ಯಾವುದೆಂದು ನೋಡುವ ಮೊದಲು, ಆ ಬ್ಯಾಗು ವಿಮಾನದಲ್ಲಿ ಎಲ್ಲಿ ಕೂರುತ್ತದೆ ಎಂಬುದನ್ನು ನೋಡಿಕೊಳ್ಳಿ. ಎಟಿಆರ್‌ನ ಕಾಕ್‌ಪಿಟ್ ಇಕ್ಕಟ್ಟಾದದ್ದು, ಅಲ್ಲಿ ಟ್ರಾಲಿಗೆ ಜಾಗವಿಲ್ಲ. ತಲೆಯ ಮೇಲಿನ ಬಿನ್‌ಗಳು ದೊಡ್ಡ ಜೆಟ್ ವಿಮಾನವಾದ ಏರ್‌ಬಸ್ ಎ320ರವಕ್ಕಿಂತ ಚಿಕ್ಕವು, ವಿಮಾನ ತುಂಬಿದ ದಿನ ಅವನ್ನು ನಂಬಿಕೊಳ್ಳುವಂತಿಲ್ಲ. ಕಾಕ್‌ಪಿಟ್‌ಗೂ ಪ್ರಯಾಣಿಕರ ಕ್ಯಾಬಿನ್ನಿಗೂ ನಡುವೆ ಸರಕಿನ ಕೋಣೆ ಇರುವುದರಿಂದ ಸಿಬ್ಬಂದಿಯ ಬ್ಯಾಗು ಸಾಮಾನ್ಯವಾಗಿ ಅಲ್ಲಿಗೆ ಹೋಗಿ, ಬಲೆಯ ಹಿಂದೆ ಕೂರುತ್ತದೆ. ಆದ್ದರಿಂದ ಹಾರಾಟದ ನಡುವೆ ಬೇಕಾಗುವ ಐಪ್ಯಾಡ್, ಹೆಡ್‌ಸೆಟ್, ಲೈಸೆನ್ಸ್, ಮೆಡಿಕಲ್ ಪ್ರಮಾಣಪತ್ರ, ಕನ್ನಡಕ, ನೀರು ಇವೆಲ್ಲ ಬೇರೊಂದು ಸಣ್ಣ ಚೀಲದಲ್ಲಿ ನಿಮ್ಮ ಕೈಯಲ್ಲೇ ಇರಬೇಕು. ಟ್ರಾಲಿಯಲ್ಲಿ ಬಟ್ಟೆಬರೆ ಮಾತ್ರ ಸಾಕು.

ಲೋಹದ ಚೌಕಟ್ಟಿನ ಬ್ಯಾಗು ನಿಮಗೆ ಬೇಡ. ಎಟಿಆರ್‌ಗೆ ಏರುವುದು ಹಿಂಬಾಗಿಲಿನ ಕಿರಿದಾದ ಮೆಟ್ಟಿಲಿನಿಂದ. ಮಳೆಗಾಲದಲ್ಲಿ ಬೆಳಗಾವಿಯಲ್ಲೋ ಶಿವಮೊಗ್ಗದಲ್ಲೋ ಒಂದು ಕೈಯಲ್ಲಿ ಕೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಆ ಬ್ಯಾಗನ್ನು ಎತ್ತಿಕೊಂಡು ಒದ್ದೆ ಮೆಟ್ಟಿಲು ಹತ್ತುವಾಗ ಖಾಲಿ ಬ್ಯಾಗಿನ ಒಂದೊಂದು ಕಿಲೋ ತೂಕವೂ ಲೆಕ್ಕಕ್ಕೆ ಬರುತ್ತದೆ.

ಮಿಷಿಗನ್ ಕನ್ನಡಿಗ:
ಕ್ಯಾಪ್ಟನ್ ಅವರ ಮಾತನ್ನು ಗೌರವಿಸುತ್ತಲೇ ಭಿನ್ನಾಭಿಪ್ರಾಯ ಹೇಳುತ್ತೇನೆ. ನಾನು ಇಲ್ಲಿನ ಒಂದು ಪ್ರಾದೇಶಿಕ ಏರ್‌ಲೈನ್‌ನಲ್ಲಿ ಸಿಆರ್‌ಜೆ-200 ಎಂಬ ಸಣ್ಣ ಜೆಟ್ ಹಾರಿಸಿ, ಈಗ ಎಂಬ್ರೇಯರ್ 175ರಲ್ಲಿದ್ದೇನೆ. ಗಾಲಿ ಹಾಗೂ ಎಳೆಯುವ ಹಿಡಿಯುಳ್ಳ ನೆಟ್ಟಗಿನ ಬ್ಯಾಗನ್ನು 1987ರಲ್ಲಿ ರೂಪಿಸಿದವರೇ ನಾರ್ತ್‌ವೆಸ್ಟ್ ಏರ್‌ಲೈನ್ಸ್‌ನ ಪೈಲಟ್ ರಾಬರ್ಟ್ ಪ್ಲಾತ್. ಟ್ರಾವೆಲ್‌ಪ್ರೋ ಕಂಪನಿ ಅವರದೇ, ಅದರ ಮೊದಲ ಗಿರಾಕಿಗಳು ವಿಮಾನ ಸಿಬ್ಬಂದಿ. ಪ್ರವಾಸಿಯೊಬ್ಬನ ಬ್ಯಾಗು ವರ್ಷಕ್ಕೆ ನಾಲ್ಕು ಬಾರಿ ಹೊರಬಿದ್ದರೆ ನಮ್ಮದು ವಾರಕ್ಕೆ ನಾಲ್ಕು ದಿನ ನೆಲದ ಮೇಲೆ ಉರುಳುತ್ತದೆ. ಮೊದಲು ಸೋಲುವುದು ಗಾಲಿ, ಆಮೇಲೆ ಹಿಡಿಯ ಕೊಳವೆ, ಕೊನೆಗೆ ಜಿಪ್. ಲೋಹದ ಚೌಕಟ್ಟಿನ ಬ್ಯಾಗಿನ ಗುಣವೆಂದರೆ ಗಾಲಿಯನ್ನು ಸ್ಕ್ರೂ ಬಿಚ್ಚಿ ನಾವೇ ಬದಲಿಸಬಹುದು. ಮುಂದಿನ ಕೊಕ್ಕೆಗೆ ಕೂಲರ್ ನೇತುಹಾಕಿದರೂ ಹಿಡಿ ಬಾಗುವುದಿಲ್ಲ. ಸಿಆರ್‌ಜೆ-200ರ ಬಿನ್‌ಗಳಿಗೆ 22 ಅಂಗುಲದ ಬ್ಯಾಗು ಹಿಡಿಸುವುದೇ ಇಲ್ಲ, ಅದು ಸರಕಿನ ಕೋಣೆಗೇ ಹೋಗಬೇಕು. ಅಲ್ಲಿನ ಎಸೆದಾಟವನ್ನು ಬಟ್ಟೆಯ ಬ್ಯಾಗು ಎಷ್ಟು ದಿನ ತಡೆದೀತು?

ಕೂಲರ್ ವಿಷಯದಲ್ಲಂತೂ ನನಗೆ ಸಂಶಯವೇ ಇಲ್ಲ. ಇಲ್ಲಿ ಪ್ರಾದೇಶಿಕ ವಿಮಾನಗಳ ಪೈಲಟ್‌ಗಳಿಗೆ ಕಂಪನಿಯ ಊಟ ಸಾಮಾನ್ಯವಾಗಿ ಇರುವುದಿಲ್ಲ, ಭತ್ಯೆ ಮಾತ್ರ. ನಾಲ್ಕು ದಿನದ ಸುತ್ತಿಗೆ ಚಪಾತಿ, ಪಲ್ಯ, ಸಾರು ಎಲ್ಲವನ್ನೂ ಡಬ್ಬಿಗಳಲ್ಲಿ ಕಟ್ಟಿಕೊಂಡು ಹೊರಡುತ್ತೇವೆ, ಹೋಟೆಲಿನ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿಕೊಳ್ಳುತ್ತೇವೆ.

ಕಪ್ತಾನ ಹುಬ್ಬಳ್ಳಿ:
ನೀವು ಹೇಳಿದ್ದು ನಿಮ್ಮ ದೇಶಕ್ಕೆ ನಿಜ. ಆದರೆ ಆ ಬ್ಯಾಗು ಇಲ್ಲಿಗೆ ಬರುವಾಗ ಸಾಗಣೆಯ ವೆಚ್ಚ ಮತ್ತು ಕಸ್ಟಮ್ಸ್ ಸುಂಕ ಸೇರಿ, ಶರಾವತಿ ತೀರ ಅವರು ಹೇಳಿದ ಮೊತ್ತವನ್ನು ಎಲ್ಲೋ ದಾಟಿಬಿಡುತ್ತದೆ. ಬಿಡಿ ಗಾಲಿಯನ್ನೂ ಅಲ್ಲಿಂದಲೇ ತರಿಸಬೇಕು. ಇಲ್ಲಿ ಸಿಗುವ ಒಳ್ಳೆಯ ನೈಲಾನ್ ಟ್ರಾಲಿಗೆ ಚಿಕ್ಕಪೇಟೆಯ ಸುತ್ತಮುತ್ತ ಯಾವ ಬ್ಯಾಗ್ ರಿಪೇರಿಯವರಾದರೂ ಅರ್ಧ ಗಂಟೆಯಲ್ಲಿ ಗಾಲಿ ಹಾಕಿಕೊಡುತ್ತಾರೆ. ರಿಪೇರಿ ಆಗುವಂಥದ್ದೇ ಬೇಕೆಂಬ ನಿಮ್ಮ ತತ್ವವನ್ನು ನಾನೂ ಒಪ್ಪುತ್ತೇನೆ, ಆ ರಿಪೇರಿ ನಮ್ಮ ಊರಿನಲ್ಲೇ ಆಗಬೇಕೆಂಬುದಷ್ಟೇ ನನ್ನ ವಾದ.

ಇನ್ನು ಕೂಲರ್. ನಮ್ಮ ಕಡೆ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕಟ್ಟಿಕೊಂಡರೆ ಐಸೂ ಬೇಡ, ಪೆಟ್ಟಿಗೆಯೂ ಬೇಡ. ಕಂಪನಿಯ ಊಟ ಹಿಡಿಸದ ದಿನಕ್ಕೆ ಅದು ಸಾಕು. ಮೂರನೆಯ ಚೀಲವನ್ನು ಹೊತ್ತು ತಿರುಗುವುದು ಯಾಕೆ?

ಗಗನಮಲ್ಲಿಗೆ:
ನಾನು ಎ320ರಲ್ಲಿ ಕ್ಯಾಬಿನ್ ಸಿಬ್ಬಂದಿ. ನಿಮ್ಮಿಬ್ಬರ ವಾದದಲ್ಲಿ ಗಾಲಿಗಳ ಸಂಖ್ಯೆಯ ಮಾತೇ ಬರಲಿಲ್ಲ. ನಾಲ್ಕು ಗಾಲಿಯ ಬ್ಯಾಗು ಟರ್ಮಿನಲ್ಲಿನ ನುಣುಪು ನೆಲದ ಮೇಲೆ ಹಿತವಾಗಿರುತ್ತದೆ, ಆದರೆ ಸಿಬ್ಬಂದಿಯ ಬಸ್ಸು ತಿರುವಿನಲ್ಲಿ ವಾಲಿದಾಗ ತಾನೇ ಉರುಳಿಕೊಂಡು ಹೋಗುತ್ತದೆ. ಹೊರಚಾಚಿದ ಆ ಗಾಲಿಗಳು ಏಪ್ರನ್ನಿನ (ವಿಮಾನಗಳು ನಿಲ್ಲುವ ಅಂಗಳದ) ಒರಟು ಕಾಂಕ್ರೀಟಿನ ಸಂದುಗಳಿಗೆ ಸಿಕ್ಕಿ ಮುರಿಯುವುದನ್ನು ನಾನು ಕಂಡಿದ್ದೇನೆ. ಎರಡು ಗಾಲಿಯದನ್ನೇ ತೆಗೆದುಕೊಳ್ಳಿ, ಗಾಲಿಗಳು ದೊಡ್ಡವಾಗಿ, ಅರ್ಧದಷ್ಟು ಬ್ಯಾಗಿನ ಒಳಕ್ಕೆ ಹುದುಗಿರಲಿ.

ಬ್ಯಾಗಿನ ಒಳಗಿನ ಎರಡು ವಿಷಯ ಮರೆಯಬೇಡಿ. ಸರಕಿನ ಕೋಣೆಗೆ ಹೋಗುವ ಬ್ಯಾಗಿನಲ್ಲಿ ಪವರ್ ಬ್ಯಾಂಕ್ ಇರಕೂಡದು, ಆದ್ದರಿಂದ ಅದರ ಜಾಗ ಕೈಚೀಲದಲ್ಲೇ. ಬ್ಯಾಟರಿ ಕಳಚಲಾಗದ ‘ಸ್ಮಾರ್ಟ್’ ಬ್ಯಾಗ್ ಕೊಳ್ಳಲೇಬೇಡಿ. ಹಾಗೆಯೇ ನಮ್ಮ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ 2023ರಲ್ಲಿ ಪರಿಷ್ಕರಿಸಿದ ನಿಯಮದಂತೆ ಆಲ್ಕೋಹಾಲ್ ಅಂಶವಿರುವ ಮೌತ್‌ವಾಶ್ ಮತ್ತು ಟೂತ್ ಜೆಲ್ ಬಳಸುವಂತಿಲ್ಲ. ಉಸಿರು ಪರೀಕ್ಷೆಯ ಮುಂದೆ ನಿಂತು ವಿವರಣೆ ಕೊಡುವ ಪ್ರಸಂಗ ನಿಮಗೆ ಬರಬಾರದು.

ಶರಾವತಿ ತೀರ:
ಎರಡು ಗಾಲಿಯ ನೈಲಾನ್ ಟ್ರಾಲಿ ಎಂದು ನಿರ್ಧರಿಸಿದೆ, ಧನ್ಯವಾದಗಳು. ಆದರೆ ಕೂಲರ್ ಬೇಡವೆಂಬ ಮಾತು ನನಗೆ ಪೂರ್ತಿ ಒಪ್ಪಿಗೆಯಾಗುತ್ತಿಲ್ಲ, ಕ್ಯಾಪ್ಟನ್ ಸರ್. ನಮ್ಮ ಎಟಿಆರ್‌ಗೆ ಎಪಿಯು (ನೆಲದಲ್ಲಿ ವಿದ್ಯುತ್ತು, ತಂಪು ಗಾಳಿ ಕೊಡುವ ಸಣ್ಣ ಹೆಚ್ಚುವರಿ ಎಂಜಿನ್) ಇಲ್ಲ. ನೆಲದ ಮೇಲೆ ತಂಪು ಗಾಳಿ ಬೇಕೆಂದರೆ ಬಲಗಡೆಯ ಎಂಜಿನ್ನಿನ ಪ್ರೊಪೆಲರ್‌ಗೆ ಬ್ರೇಕ್ ಹಾಕಿ, ಹೋಟೆಲ್ ಮೋಡ್‌ನಲ್ಲಿ ಎಂಜಿನ್ ಓಡಿಸಬೇಕು ಅಥವಾ ಹೊರಗಿನಿಂದ ಎಸಿ ಜೋಡಿಸಬೇಕು. ಎರಡೂ ಇಲ್ಲದ ಹೊತ್ತಿನಲ್ಲಿ ಒಳಗೆ ಧಗೆ ಏರುತ್ತದೆ. ಕಲಬುರಗಿಯ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದಲ್ಲವೇ? ದಿನವೂ ರೊಟ್ಟಿ, ಪುಡಿ ತಿನ್ನಲು ನಮ್ಮ ಮನೆಯಲ್ಲಿ ರೂಢಿಯಿಲ್ಲ. ನನಗೆ ಮಧ್ಯಾಹ್ನ ಮೊಸರನ್ನ ಬೇಕು. ಹುಳಿಯಾಗದಿರಲೆಂದು ಅಮ್ಮ ಬಿಸಿ ಅನ್ನಕ್ಕೆ ಹಾಲು ಸುರಿದು ಒಂದು ಚಮಚ ಮೊಸರು ಬೆರೆಸಿಕೊಡುತ್ತಾರೆ. ಅದು ಕೂಲರ್ ಇಲ್ಲದೆ ತಡೆಯುತ್ತದೆಯೇ?

ಒಗ್ಗರಣೆ ಮೈಸೂರು:
ಆಹಾರ ಸೂಕ್ಷ್ಮಜೀವಿಶಾಸ್ತ್ರದಲ್ಲಿ ದುಡಿದು ನಿವೃತ್ತಳಾದವಳು ನಾನು. ಈ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಉತ್ತರಿಸಬೇಕು.

5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯಲ್ಲಿ ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಇಡಬಾರದೆಂಬುದು ಸಾಮಾನ್ಯ ಸೂತ್ರ, ಕಡು ಬೇಸಿಗೆಯಲ್ಲಿ ಒಂದೇ ಗಂಟೆ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಅವು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ, ಅನ್ನ ಬೆಚ್ಚಗೆ ಉಳಿದಾಗ ಮೊಳೆತು ವಿಷ ಹುಟ್ಟಿಸುತ್ತವೆ. ವಾಂತಿ ತರಿಸುವ ಆ ವಿಷವು ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಮೊಸರಿನ ಹುಳಿ ಆ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆಯುತ್ತದೆ, ಪುಳಿಯೋಗರೆಯಲ್ಲಿ ಹುಣಸೆಯೂ ಸ್ವಲ್ಪ ಮಟ್ಟಿಗೆ ಇದೇ ಕೆಲಸ ಮಾಡುತ್ತದೆ. ಆದರೆ ಹಾಲೇ ಹೆಚ್ಚಾಗಿರುವ ಮೊಸರನ್ನದಲ್ಲಿ ಹುಳಿ ಕಟ್ಟಲು ಹಲವು ಗಂಟೆ ಬೇಕು, ಅಷ್ಟು ಹೊತ್ತೂ ಅದು ಹಾಲನ್ನವೇ. ಬಾಯಿಗೆ ರುಚಿಯಾಗಿರುವುದರಿಂದಲೇ ಸಂಶಯ ಬರುವುದಿಲ್ಲ. ನಿಮ್ಮ ತಾಯಿಯವರಿಗೆ ನನ್ನ ವಿನಂತಿ: ಅನ್ನವನ್ನು ತಟ್ಟೆಯಲ್ಲಿ ಹರಡಿ ಬೇಗ ಆರಿಸಲಿ, ಮೊಸರನ್ನೇ ಹೆಚ್ಚು ಬೆರೆಸಲಿ, ರಾತ್ರಿಯೇ ಫ್ರಿಜ್‌ನಲ್ಲಿಟ್ಟು ತಣ್ಣಗಾದ ಡಬ್ಬಿಯನ್ನೇ ಕೊಟ್ಟು ಕಳಿಸಲಿ. ಕೂಲರ್ ಬ್ಯಾಗ್ ಯಾವುದನ್ನೂ ತಣ್ಣಗೆ ಮಾಡಲಾರದು, ತಣ್ಣಗಿರುವುದನ್ನು ಕಾಯಬಲ್ಲದಷ್ಟೇ. ಬಿಸಿ ಅನ್ನವನ್ನು ಅದರಲ್ಲಿಟ್ಟರೆ ಐಸೆಲ್ಲ ಅನ್ನ ಆರಿಸುವುದಕ್ಕೇ ಕರಗಿಹೋಗುತ್ತದೆ.

ಆದ್ದರಿಂದ ಡಬ್ಬಿಯ ಅಳತೆಗೆ ಸರಿಹೊಂದುವ ಚಿಕ್ಕ ಬ್ಯಾಗು ಕೊಳ್ಳಿ, ಖಾಲಿ ಜಾಗ ಹೆಚ್ಚಿದಷ್ಟೂ ತಂಪು ಬೇಗ ಹೋಗುತ್ತದೆ. ಐಸ್ ಪ್ಯಾಕನ್ನು ಡಬ್ಬಿಯ ಮೇಲೂ ಒಂದು ಇಡಿ, ತಣ್ಣನೆಯ ಗಾಳಿ ಕೆಳಗಿಳಿಯುತ್ತದೆ. ಡ್ರೈ ಐಸ್ ಮಾತ್ರ ಬೇಡವೇ ಬೇಡ: ಅದು ಆವಿಯಾಗಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಕಾಕ್‌ಪಿಟ್‌ನಂಥ ಇಕ್ಕಟ್ಟಿನಲ್ಲಿ ಅದು ಅಪಾಯ.

ಮಿಷಿಗನ್ ಕನ್ನಡಿಗ:
ಮೇಡಂ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಅರ್ಧ ಲೀಟರಿನ ನೀರಿನ ಬಾಟಲಿಯನ್ನು ಮುಕ್ಕಾಲು ತುಂಬಿ ಹೆಪ್ಪುಗಟ್ಟಿಸಿದರೆ ಅದೇ ಐಸ್ ಪ್ಯಾಕ್, ಮಧ್ಯಾಹ್ನಕ್ಕೆ ಅದೇ ಕುಡಿಯುವ ನೀರು. ಇಲ್ಲಿ ಸಾಮಾನ್ಯ ಪ್ರಯಾಣಿಕರಾಗಿ ಹೋಗುವಾಗ ಐಸ್ ಪ್ಯಾಕ್ ಪೂರ್ತಿ ಗಟ್ಟಿಯಾಗಿದ್ದರೆ ತಪಾಸಣೆಯಲ್ಲಿ ಬಿಡುತ್ತಾರೆ, ಅರೆ ಕರಗಿದ್ದರೆ ದ್ರವದ ಮಿತಿ ಅನ್ವಯಿಸುತ್ತದೆ. ನಿಮ್ಮಲ್ಲಿನ ಪದ್ಧತಿಯನ್ನು ಕಂಪನಿಯ ಭದ್ರತಾ ವಿಭಾಗದಲ್ಲಿ ಮೊದಲೇ ಕೇಳಿಕೊಳ್ಳಿ.

ಗಗನಮಲ್ಲಿಗೆ:
ಬುತ್ತಿ ಹಂಚಿಕೊಂಡು ಉಣ್ಣುವುದು ನಮ್ಮಲ್ಲಿ ಬೆಳೆದುಬಂದ ಸಂಸ್ಕಾರ, ಆದರೆ ಕ್ಯಾಪ್ಟನ್‌ಗೂ ನಿಮಗೂ ಒಂದೇ ಡಬ್ಬಿಯ ಊಟ ಆಗಬಾರದು. 1975ರ ಫೆಬ್ರವರಿಯಲ್ಲಿ ಜಪಾನ್ ಏರ್‌ಲೈನ್ಸ್‌ನ 747 ವಿಮಾನವೊಂದರಲ್ಲಿ ಆಂಕರೇಜ್‌ನಿಂದ ತುಂಬಿಸಿದ ಆಮ್ಲೆಟ್ ತಿಂದು 197 ಮಂದಿ ಕಾಯಿಲೆ ಬಿದ್ದರು. ಅಡುಗೆಯವರೊಬ್ಬರ ಬೆರಳಿನ ಗಾಯವೇ ಮೂಲವಾಗಿತ್ತು. ಪೈಲಟ್‌ಗಳು ಆ ಆಮ್ಲೆಟ್ ತಿಂದಿರಲಿಲ್ಲ, ವಿಮಾನ ಕೋಪನ್‌ಹೇಗನ್‌ನಲ್ಲಿ ಸುರಕ್ಷಿತವಾಗಿ ಇಳಿಯಿತು. ಆತಿಥ್ಯ ಮಾಡುವ ಮನಸ್ಸಿದ್ದರೆ ದಿನದ ಕೊನೆಯ ಸೆಕ್ಟರ್ ಮುಗಿದ ಮೇಲೆ ಮಾಡಿ.

ಕಪ್ತಾನ ಹುಬ್ಬಳ್ಳಿ:
ನಿಜವಾದ ಮಾತು. ಮೊಸರನ್ನ ಒಯ್ಯುವವರಿಗೆ ಕೂಲರ್ ಬೇಕೆಂಬುದನ್ನು ಮೇಡಂ ಅವರ ವಿವರಣೆಯ ಮೇಲೆ ಒಪ್ಪುತ್ತೇನೆ. ಆದರೂ ತಂಪು ಕಳೆದುಹೋದ ದಿನಕ್ಕೆಂದು ಅವಲಕ್ಕಿಯನ್ನೋ ರೊಟ್ಟಿಯನ್ನೋ ಜೊತೆಗೆ ಇಟ್ಟುಕೊಳ್ಳಿ. ಮೂರು ಗಂಟೆ ತಡವಾದಾಗ ಬುತ್ತಿ ಬಿಸಾಡುವ ಧೈರ್ಯ ಬರುವುದು ಕೈಯಲ್ಲಿ ಬೇರೆ ತಿನಿಸಿದ್ದಾಗ ಮಾತ್ರ.

ಕೂಲರ್ ಕೊಳ್ಳುವಾಗ ಒಳಗಿನ ಹಾಳೆಯ ಹೊಲಿಗೆಯನ್ನು ನೋಡಿ. ಅಂಗಡಿಯಲ್ಲೇ ಒಂದು ಲೋಟ ನೀರು ಹಾಕಿ, ತಿರುಗಿಸಿ ಹಿಡಿದು, ಸೋರುವುದಿಲ್ಲವೆಂದು ಖಾತರಿ ಮಾಡಿಕೊಳ್ಳಿ. ಕರಗಿದ ನೀರು ಎರಡೂ ಆಸನಗಳ ನಡುವಿನ ಪೆಡೆಸ್ಟಲ್ (ಎಂಜಿನ್ ನಿಯಂತ್ರಣಗಳಿರುವ ಕಟ್ಟೆ) ಮೇಲೆ ಬೀಳಬಾರದು. ಏರ್‌ಬಸ್ ಎ350 ವಿಮಾನಗಳಲ್ಲಿ ಅಲ್ಲಿ ಪಾನೀಯ ಚೆಲ್ಲಿ ಎಂಜಿನ್ ನಿಂತ ಪ್ರಕರಣಗಳಾದ ಮೇಲೆ 2020ರಲ್ಲಿ ಯುರೋಪಿನ ನಿಯಂತ್ರಕರು ಆ ಭಾಗಕ್ಕೆ ದ್ರವ ತರುವುದನ್ನೇ ನಿಷೇಧಿಸಿದರು. ಟೇಕಾಫ್‌ಗೂ ಲ್ಯಾಂಡಿಂಗ್‌ಗೂ ಮುಂಚೆ ಕೂಲರ್ ಬ್ಯಾಗನ್ನು, ಕಾಲಿನಿಂದ ಒತ್ತುವ ರಡ್ಡರ್ ಪೆಡಲ್‌ಗಳ ಕಡೆಗೆ ಜಾರಿಹೋಗದಂತೆ ಭದ್ರಪಡಿಸಬೇಕು. ಎಲ್ಲಿ ಇಡಬೇಕೆಂಬುದನ್ನು ಮೊದಲ ದಿನವೇ ನಿಮ್ಮ ತರಬೇತಿ ಕ್ಯಾಪ್ಟನ್‌ರನ್ನು ಕೇಳಿ.

ಶರಾವತಿ ತೀರ:
ಕೇಳುತ್ತೇನೆ, ಸರ್. ಟ್ರಾಲಿಗೆ ಹನ್ನೆರಡು ಸಾವಿರದವರೆಗೆ, ಕೂಲರ್‌ಗೆ ಎರಡು ಸಾವಿರದ ಒಳಗೆ ಎಂದುಕೊಂಡಿದ್ದೇನೆ. ಉಳಿದ ಹಣದಲ್ಲಿ ಒಳ್ಳೆಯ ಕೈಚೀಲ ಕೊಳ್ಳುತ್ತೇನೆ. ಶನಿವಾರ ಡಬ್ಬಿಯನ್ನೂ ಜೊತೆಗೆ ಒಯ್ದು, ಅದರ ಅಳತೆಗೇ ಕೂಲರ್ ನೋಡಿ ತರುತ್ತೇನೆ.